ಶೋಧಕದಿಂದ ಮೀಟರಿನವರೆಗೆ: ಪ್ರಯೋಗಾಲಯದ ಕೇಬಲ್ಲುಗಳ ಕುರಿತು ಕೆಲವು ಮಾತು

(ವಿಜ್ಞಾನ ವಿದ್ಯಾರ್ಥಿಗಳು ಹಾಗೂ ಅಧ್ಯಾಪಕರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಾನು ಆರಿಸಿಕೊಂಡ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ನಕ್ಷತ್ರ, ಕಪ್ಪುಕುಳಿ, ಪರಮಾಣುವಿನ ಒಡಲು, ಇಂಥ ದೊಡ್ಡ ದೊಡ್ಡ ವಿಷಯಗಳಿರುವಾಗ ಕೇಬಲ್ ಸಿಕ್ಕಿಸುವುದರ ಬಗ್ಗೆ ಒಂದು ಉಪನ್ಯಾಸವೇ ಎಂದು ಅನಿಸಿರಬಹುದು. ಆದರೆ ಆ ದೊಡ್ಡ ವಿಷಯಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಯಾವುದೋ ಒಂದು ಶೋಧಕದಿಂದ ಹೊರಟು, ಯಾವುದೋ ಒಂದು ಕೇಬಲ್ಲಿನ ಮೂಲಕ ಹಾದು ನಮ್ಮ ಬಳಿಗೆ ಬಂದದ್ದು. ದಾರಿಯೇ ಸರಿಯಿಲ್ಲದಿದ್ದರೆ ಬಂದ ಸುದ್ದಿ ನಿಜವೆಂದು ಹೇಗೆ ನಂಬುವುದು?

ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಪ್ರಾಯೋಗಿಕ ತರಗತಿ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ವಿದ್ಯಾರ್ಥಿ ಒಳಗೆ ಬರುವ ಮೊದಲೇ ಅಟೆಂಡರ್ ಎಲ್ಲವನ್ನೂ ಜೋಡಿಸಿಟ್ಟಿರುತ್ತಾರೆ. ವಿದ್ಯಾರ್ಥಿ ಸ್ವಿಚ್ ಹಾಕುತ್ತಾನೆ, ಅಂಕಿಗಳನ್ನು ಬರೆದುಕೊಳ್ಳುತ್ತಾನೆ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಅಂಕಿಗಳು ಸರಿ ಬರದಿದ್ದರೆ ಕಳೆದ ವರ್ಷದ ಯಾರದೋ ರೆಕಾರ್ಡ್ ಪುಸ್ತಕ ಇದ್ದೇ ಇದೆ. ಮೂರು ವರ್ಷ ಓದಿ ಪದವಿ ಪಡೆದವನಿಗೆ ಒಂದು ಕೇಬಲ್ಲನ್ನು ತೆಗೆದು ಮತ್ತೆ ಹಾಕಲು ಧೈರ್ಯವಿರುವುದಿಲ್ಲ. ತನ್ನ ಕಣ್ಣಿಗೆ ಬಿದ್ದ ಅಂಕಿಯನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯೂ ಅವನಿಗೆ ಹುಟ್ಟುವುದಿಲ್ಲ. ಇದೇ ನನ್ನ ಚಿಂತೆ. ಕೇಬಲ್ ಎಂಬುದು ಉಪಕರಣದ ಹೊರಗಿರುವ ಹಗ್ಗವಲ್ಲ, ಉಪಕರಣದ್ದೇ ಒಂದು ಭಾಗ. ಅದನ್ನು ಜೋಡಿಸಲು ತಿಳಿದವನಿಗೆ ಮಾತ್ರ ಬಂದ ಅಂಕಿಯ ಯೋಗ್ಯತೆ ತಿಳಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಎಷ್ಟು ಚಿಕ್ಕ ಸಂಕೇತ?

ಮೊದಲು ಕೇಬಲ್ಲಿನಲ್ಲಿ ಹರಿಯುವುದು ಏನು ಎಂಬುದನ್ನು ನೋಡೋಣ. ಮನೆಯ ತಂತಿಯಲ್ಲಿ ಹರಿಯುವ ಕರೆಂಟಿಗೂ ಇದಕ್ಕೂ ಅಜಗಜಾಂತರ. ಗಾಮಾ ಕಿರಣವೊಂದು ಜರ್ಮೇನಿಯಂ ಶೋಧಕದೊಳಗೆ ಬಿದ್ದಿತು ಎಂದುಕೊಳ್ಳಿ. ಸೀಸಿಯಂ-137 ಆಕರದಿಂದ ಬರುವ ಗಾಮಾ ಕಿರಣದ ಶಕ್ತಿ 662 ಕಿಲೋ ಎಲೆಕ್ಟ್ರಾನ್ ವೋಲ್ಟ್. ಜರ್ಮೇನಿಯಂನಲ್ಲಿ ಒಂದು ಜೋಡಿ ಆವೇಶವನ್ನು ಬಿಡಿಸಲು ಸುಮಾರು 3 ಎಲೆಕ್ಟ್ರಾನ್ ವೋಲ್ಟ್ ಸಾಕು. ಅಂದರೆ ಒಂದು ಕಿರಣಕ್ಕೆ ಸುಮಾರು 2 ಲಕ್ಷದ 20 ಸಾವಿರ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದು ಕೂಲಾಮನ್ನು 28 ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಆವೇಶ ಇದು.

ಈ ಆವೇಶ 20 ಪೈಕೋಫ್ಯಾರಡ್ ಧಾರಕತೆಯ ಮೇಲೆ ಕುಳಿತರೆ ಸುಮಾರು 1.8 ಮಿಲಿವೋಲ್ಟ್ ಸಿಗುತ್ತದೆ. ಈಗ ಶೋಧಕಕ್ಕೂ ಮೊದಲ ಆಂಪ್ಲಿಫೈಯರಿಗೂ ನಡುವೆ ಎರಡು ಮೀಟರ್ ಸಾಮಾನ್ಯ ಕೇಬಲ್ ಹಾಕಿ ನೋಡಿ. ಈ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪೈಕೋಫ್ಯಾರಡ್ ಧಾರಕತೆ ಇರುತ್ತದೆ. 20 ಇದ್ದದ್ದು 220 ಆಯಿತು. ಅದೇ ಆವೇಶ ಈಗ ಹನ್ನೊಂದು ಪಟ್ಟು ದೊಡ್ಡ ಪಾತ್ರೆಯಲ್ಲಿ ಹರಡಿಕೊಂಡಿತು. ಸಿಗುವುದು 0.16 ಮಿಲಿವೋಲ್ಟ್ ಮಾತ್ರ. ಒಂದು ಲೋಟ ನೀರನ್ನು ಹಂಡೆಗೆ ಸುರಿದು ಅದರ ಮಟ್ಟ ಅಳೆದ ಹಾಗೆ.

ಈ ಕಾರಣದಿಂದಲೇ ಪ್ರೀಆಂಪ್ಲಿಫೈಯರ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಶೋಧಕಕ್ಕೆ ಅಂಟಿಕೊಂಡಂತೆ ಇಡುತ್ತಾರೆ. ಈಗಿನ ಪ್ರೀಆಂಪ್ಲಿಫೈಯರುಗಳು ವೋಲ್ಟೇಜಿನ ಬದಲು ಆವೇಶವನ್ನೇ ಅಳೆಯುವಂಥವು. ಆದ್ದರಿಂದ ಸಂಕೇತದ ಎತ್ತರ ಇಷ್ಟೊಂದು ಕುಸಿಯುವುದಿಲ್ಲ. ಆದರೂ ಕೇಬಲ್ಲಿನ ಉದ್ದ ಹೆಚ್ಚಿದಂತೆ ಗದ್ದಲ ಹೆಚ್ಚುತ್ತದೆ, ರೋಹಿತದಲ್ಲಿ ಚೂಪಾಗಿರಬೇಕಾದ ಶಿಖರ ಅಗಲವಾಗುತ್ತದೆ. "ಮೇಜಿನ ಮೇಲೆ ಜಾಗವಿಲ್ಲ, ಉದ್ದದ ಕೇಬಲ್ ಹಾಕಿ ಅದನ್ನು ಆ ಕಡೆ ಇಡೋಣ" ಎನ್ನುವ ಮೊದಲು ಈ ಲೆಕ್ಕವನ್ನು ನೆನಪಿಡಿ. ಪ್ರೀಆಂಪ್ಲಿಫೈಯರಿನ ಮುಂದಿನ ಕೇಬಲ್ ಉದ್ದವಾದರೂ ಸಹಿಸಿಕೊಳ್ಳಬಹುದು, ಹಿಂದಿನದು ಗೇಣುದ್ದವನ್ನೂ ಮೀರಬಾರದು.

ಕೇಬಲ್ಲಿನ ಒಳಗೆ

ಶೋಧಕಕ್ಕೆ ಬಳಸುವ ಕೇಬಲ್ಲಿಗೆ ಕೋಆಕ್ಸಿಯಲ್ ಅಥವಾ ಸಹಾಕ್ಷ ಕೇಬಲ್ ಎಂದು ಹೆಸರು. ಹಳೆಯ ಕೇಬಲ್ಲಿನ ಒಂದು ತುಂಡನ್ನು ಬ್ಲೇಡಿನಿಂದ ಸೀಳಿ ನೋಡಿ. ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ಪಾಲಿಥೀನ್, ಅದರ ಮೇಲೆ ಜಡೆಯಂತೆ ಹೆಣೆದ ತಾಮ್ರದ ಜಾಲರಿ, ಎಲ್ಲಕ್ಕೂ ಹೊರಗೆ ಪ್ಲಾಸ್ಟಿಕ್ ಹೊದಿಕೆ. ಸಂಕೇತ ಸಾಗುವುದು ನಡುವಿನ ತಂತಿಯಲ್ಲಿ ಮಾತ್ರ ಎಂದು ತಿಳಿಯಬೇಡಿ. ಒಳ ತಂತಿಗೂ ಹೊರ ಜಾಲರಿಗೂ ನಡುವಿನ ಜಾಗದಲ್ಲಿ ವಿದ್ಯುತ್ಕಾಂತ ಅಲೆಯಾಗಿ ಅದು ಸಾಗುತ್ತದೆ. ಹೊರಗಿನ ಗದ್ದಲವನ್ನು ಒಳಗೆ ಬಿಡದೆ, ಒಳಗಿನದನ್ನು ಹೊರಗೆ ಚೆಲ್ಲದೆ ಕಾಪಾಡುವುದು ಆ ಜಾಲರಿ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿಯೇ ಇಂಥ ಕೇಬಲ್ಲಿಗೆ ಪೇಟೆಂಟ್ ಪಡೆದಿದ್ದರು. ಶಾಲೆಯ ಓದನ್ನು ಹದಿನಾರನೆಯ ವಯಸ್ಸಿಗೇ ಬಿಟ್ಟು, ಟೆಲಿಗ್ರಾಫ್ ಕೆಲಸ ಮಾಡುತ್ತಲೇ ಸ್ವಂತವಾಗಿ ಗಣಿತ ಕಲಿತ ಮನುಷ್ಯ ಅವರು. ಕೈಕೆಲಸದವನಿಗೆ ತತ್ವ ಬೇಡ, ತತ್ವದವನಿಗೆ ಕೈಕೆಲಸ ಬೇಡ ಎನ್ನುವವರಿಗೆ ಅವರ ಬದುಕೇ ಉತ್ತರ.

ಪ್ರತಿಯೊಂದು ಸಹಾಕ್ಷ ಕೇಬಲ್ಲಿಗೂ ಇಂಪೀಡೆನ್ಸ್ ಎಂಬ ಒಂದು ಸಂಖ್ಯೆ ಇರುತ್ತದೆ. ಇದು ಕೇಬಲ್ಲಿನ ಉದ್ದವನ್ನು ಅವಲಂಬಿಸಿಲ್ಲ. ಒಳ ತಂತಿಯ ದಪ್ಪ, ಹೊರ ಜಾಲರಿಯ ಅಗಲ, ನಡುವಿನ ವಸ್ತು ಇವುಗಳಿಂದ ನಿರ್ಧಾರವಾಗುತ್ತದೆ. ಆದ್ದರಿಂದ ಮಲ್ಟಿಮೀಟರಿನಲ್ಲಿ ಇದನ್ನು ಅಳೆಯಲು ಹೊರಟರೆ ಸಿಗುವುದಿಲ್ಲ. ಹೊರ ಹೊದಿಕೆಯ ಮೇಲೆ ಅಚ್ಚಾದ ಅಕ್ಷರಗಳನ್ನು ಓದಬೇಕು. ಆರ್‌ಜಿ-58 ಎಂದಿದ್ದರೆ 50 ಓಮ್. ಆರ್‌ಜಿ-59 ಎಂದಿದ್ದರೆ 75 ಓಮ್. ಆರ್‌ಜಿ-62 ಎಂದಿದ್ದರೆ 93 ಓಮ್. ನೋಡಲು ಮೂರೂ ಕಪ್ಪು, ಮೂರೂ ಹೆಚ್ಚುಕಡಿಮೆ ಒಂದೇ ದಪ್ಪ. ಟಿವಿ ಕೇಬಲ್ಲಿನವರ ಹತ್ತಿರ ಸಿಗುವುದು ಸಾಮಾನ್ಯವಾಗಿ 75 ಓಮಿನದು. "ಕೇಬಲ್ ಕೇಬಲ್ಲೇ ತಾನೇ" ಎಂದು ಅದನ್ನು ತಂದು 50 ಓಮಿನ ವ್ಯವಸ್ಥೆಗೆ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬಾಯಿ ಒಂದೇ, ಕೆಲಸ ಬೇರೆ

ಇನ್ನು ಕೇಬಲ್ಲಿನ ತುದಿಯ ಕನೆಕ್ಟರುಗಳು. ನೀವು ಹೆಚ್ಚಾಗಿ ಕಾಣುವುದು ಬಿಎನ್‌ಸಿ. ಒತ್ತಿ ಕಾಲು ಸುತ್ತು ತಿರುಗಿಸಿದರೆ ಕೊಕ್ಕೆ ಕೂತು ಬಿಗಿಯಾಗುತ್ತದೆ. ಇದನ್ನು ರೂಪಿಸಿದ ನೀಲ್ ಮತ್ತು ಕಾನ್ಸೆಲ್‌ಮನ್ ಎಂಬ ಇಬ್ಬರು ಎಂಜಿನಿಯರುಗಳ ಹೆಸರಿನ ಮೊದಲಕ್ಷರಗಳೇ ಆ ಎನ್ ಮತ್ತು ಸಿ. ಇದು ಸಂಕೇತಕ್ಕೆ ಮಾತ್ರ. ಫೋಟೋಮಲ್ಟಿಪ್ಲೈಯರಿಗೆ ಕೊಡುವ 800, 1000 ವೋಲ್ಟುಗಳಿಗೆ, ಜರ್ಮೇನಿಯಂ ಶೋಧಕಕ್ಕೆ ಕೊಡುವ 2000, 3000 ವೋಲ್ಟುಗಳಿಗೆ ಎಸ್‌ಎಚ್‌ವಿ ಎಂಬ ಬೇರೆಯೇ ಕನೆಕ್ಟರ್ ಇದೆ. ಅದರ ಮೂತಿ ಉದ್ದ. ಒಳಗಿನ ಲೋಹದ ಪಿನ್ ಬೆರಳಿಗೆ ತಾಗದಂತೆ ನಿರೋಧಕದೊಳಗೆ ಆಳದಲ್ಲಿ ಅಡಗಿರುತ್ತದೆ. ಬಿಎನ್‌ಸಿಯೊಂದಿಗೆ ಅದು ಸೇರುವುದೇ ಇಲ್ಲ, ಸೇರಬಾರದೆಂದೇ ಹಾಗೆ ಮಾಡಿದ್ದಾರೆ.

ಹಳೆಯ ಉಪಕರಣಗಳಲ್ಲಿ ಎಂಎಚ್‌ವಿ ಎಂಬ ಇನ್ನೊಂದು ಬಗೆ ಇದೆ. ಇದರ ಬಗ್ಗೆ ಎಚ್ಚರವಿರಲಿ. ನೋಡಲು ಬಿಎನ್‌ಸಿಯ ಅವಳಿ. ಬಲ ಹಾಕಿದರೆ ಒಂದರೊಳಗೊಂದು ಕೂತುಬಿಡುವುದೂ ಉಂಟು. ಹಾಗಾದಾಗ ಸಾವಿರ ವೋಲ್ಟು ಆಂಪ್ಲಿಫೈಯರಿನೊಳಗೆ ನುಗ್ಗಬಹುದು, ಅಥವಾ ನಿಮ್ಮ ಕೈಗೆ ಬರಬಹುದು. ಸಿಕ್ಕಿಸುವಾಗ ಬಲ ಬೇಕಾಯಿತೆಂದರೆ ಅಲ್ಲಿಗೇ ನಿಲ್ಲಿಸಿ. ಸರಿಯಾದ ಜೋಡಿ ಎಂದೂ ಬಲವನ್ನು ಕೇಳುವುದಿಲ್ಲ.

ಗೈಗರ್ ಮುಲ್ಲರ್ ಕೊಳವೆಯ ಸಂಗತಿ ಸ್ವಲ್ಪ ಬೇರೆ. ನಮ್ಮ ಪದವಿ ಕಾಲೇಜುಗಳಲ್ಲಿ ಹೆಚ್ಚಾಗಿ ಇರುವ ಶೋಧಕ ಇದೇ. ಇಲ್ಲಿ ಸಾಮಾನ್ಯವಾಗಿ ಒಂದೇ ಕೇಬಲ್. ಅದರಲ್ಲೇ ಹೈ ವೋಲ್ಟೇಜ್ ಒಳಗೆ ಹೋಗುತ್ತದೆ, ಅದರಲ್ಲೇ ಪಲ್ಸ್ ಹೊರಗೆ ಬರುತ್ತದೆ. ಪೆಟ್ಟಿಗೆಯೊಳಗಿನ ಒಂದು ಕೆಪಾಸಿಟರ್ ಎರಡನ್ನೂ ಬೇರ್ಪಡಿಸುತ್ತದೆ. ಹಾಗಾಗಿ "ಇದು ಬರೀ ಸಿಗ್ನಲ್ ಕೇಬಲ್" ಎಂದು ಸ್ವಿಚ್ ಹಾಕಿರುವಾಗಲೇ ಕಿತ್ತು ನೋಡುವುದು ಸಲ್ಲದು.

ಜೋಡಿಸುವ ಕ್ರಮ

ಸೋಡಿಯಂ ಅಯೋಡೈಡ್ ಹರಳಿನ ಗಾಮಾ ಸ್ಪೆಕ್ಟ್ರೋಮೀಟರನ್ನು ಉದಾಹರಣೆಯಾಗಿ ಇಟ್ಟುಕೊಂಡು ಕ್ರಮವನ್ನು ಹೇಳುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುವುದು ಒಳ್ಳೆಯದು.

ಒಂದು, ಎಲ್ಲ ಸ್ವಿಚ್ಚುಗಳು ಆಫ್ ಆಗಿರಲಿ, ಹೈ ವೋಲ್ಟೇಜಿನ ಗುಂಡಿ ಸೊನ್ನೆಯಲ್ಲಿರಲಿ. ಯಾರೋ ಮಾಡಿರುತ್ತಾರೆ ಎಂದುಕೊಳ್ಳದೆ ನಿಮ್ಮ ಕಣ್ಣಿನಿಂದಲೇ ನೋಡಿ.

ಎರಡು, ಪ್ರತಿ ಕೇಬಲ್ಲಿನ ಎರಡೂ ತುದಿಗಳನ್ನು ಪರೀಕ್ಷಿಸಿ. ನಡುವಿನ ಪಿನ್ ಬಾಗಿದೆಯೇ, ಒಳಕ್ಕೆ ಸರಿದಿದೆಯೇ, ಜಾಲರಿ ಕನೆಕ್ಟರಿನ ಬುಡದಲ್ಲಿ ಹರಿದಿದೆಯೇ? ಮಲ್ಟಿಮೀಟರಿನಿಂದ ಪಿನ್ನಿಗೂ ಪಿನ್ನಿಗೂ ಸಂಪರ್ಕವಿದೆ, ಪಿನ್ನಿಗೂ ಹೊರಮೈಗೂ ಸಂಪರ್ಕವಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಮೂರು, ಹೈ ವೋಲ್ಟೇಜ್ ಪೆಟ್ಟಿಗೆಯಿಂದ ಫೋಟೋಮಲ್ಟಿಪ್ಲೈಯರಿನ ಬುಡಕ್ಕೆ ಎಸ್‌ಎಚ್‌ವಿ ಕೇಬಲ್ ಹಾಕಿ. ಧನವೋ ಋಣವೋ ಎಂಬುದನ್ನು ಎರಡೂ ಕಡೆ ಓದಿ ಹೊಂದಿಸಿ. ಅರೆವಾಹಕ ಶೋಧಕದಲ್ಲಿ ಇದು ತಲೆಕೆಳಗಾದರೆ ಶೋಧಕವೇ ಹಾಳಾಗಬಹುದು.

ನಾಲ್ಕು, ಪ್ರೀಆಂಪ್ಲಿಫೈಯರಿಗೆ ವಿದ್ಯುತ್ ಕೊಡುವ ಹಲವು ಪಿನ್ನುಗಳ ಕೇಬಲ್ಲನ್ನು ಆಂಪ್ಲಿಫೈಯರಿನ ಹಿಂಬದಿಗೆ ಸೇರಿಸಿ.

ಐದು, ಪ್ರೀಆಂಪ್ಲಿಫೈಯರಿನ ಔಟ್‌ಪುಟ್ಟಿನಿಂದ ಆಂಪ್ಲಿಫೈಯರಿನ ಇನ್‌ಪುಟ್ಟಿಗೆ, ಅಲ್ಲಿಂದ ವಿಶ್ಲೇಷಕಕ್ಕೆ ಸಂಕೇತದ ಕೇಬಲ್ಲುಗಳನ್ನು ಹಾಕಿ.

ಆರು, ಒಬ್ಬರು ಜೋಡಿಸಿದ್ದನ್ನು ಇನ್ನೊಬ್ಬರು ಬೆರಳಿಟ್ಟು, ಬಾಯಿಬಿಟ್ಟು ಓದುತ್ತಾ ಪರೀಕ್ಷಿಸಲಿ.

ಏಳು, ಶೋಧಕದ ಮೇಲೆ ಬೆಳಕು ಬೀಳದಂತೆ ಮುಚ್ಚಿದೆ ಎಂಬುದನ್ನು ನೋಡಿ. ಆಮೇಲೆ ಮೊದಲು ಆಂಪ್ಲಿಫೈಯರುಗಳನ್ನು ಆನ್ ಮಾಡಿ, ಕೊನೆಯಲ್ಲಿ ಹೈ ವೋಲ್ಟೇಜನ್ನು ನಿಧಾನವಾಗಿ ಏರಿಸಿ. ಆಂಪ್ಲಿಫೈಯರಿನ ಔಟ್‌ಪುಟ್ಟನ್ನು ಆಸಿಲೋಸ್ಕೋಪಿನಲ್ಲಿ ನೋಡುತ್ತಾ ಏರಿಸಿದರೆ ಇನ್ನೂ ಒಳ್ಳೆಯದು.

ಬಿಚ್ಚುವಾಗ ಇದೇ ಕ್ರಮ ಹಿಂದುಮುಂದಾಗಿ. ಹೈ ವೋಲ್ಟೇಜನ್ನು ಸೊನ್ನೆಗಿಳಿಸಿ, ಆಫ್ ಮಾಡಿ, ಕೆಲವು ನಿಮಿಷ ಕಾಯಿರಿ. ಸ್ವಿಚ್ ಆರಿಸಿದ ಕೂಡಲೇ ಕೆಪಾಸಿಟರುಗಳಲ್ಲಿನ ಆವೇಶ ಮಾಯವಾಗುವುದಿಲ್ಲ. ಕೇಬಲ್ಲಿನಲ್ಲೇ ಉಳಿದ ಆವೇಶವೂ ಪ್ರೀಆಂಪ್ಲಿಫೈಯರಿನ ಮೊದಲ ಟ್ರಾನ್ಸಿಸ್ಟರನ್ನು ಸುಟ್ಟುಬಿಡಬಲ್ಲದು.

ಮರಳಿ ಬರುವ ಅಲೆ

ಈಗ 50 ಓಮಿಗೆ 75 ಓಮ್ ಸೇರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಬರುತ್ತೇನೆ. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಜೋರಾಗಿ ಒಮ್ಮೆ ಕುಡುಗಿ ನೋಡಿ. ಒಂದು ಅಲೆ ಹಗ್ಗದುದ್ದಕ್ಕೂ ಓಡಿ ಕಂಬಕ್ಕೆ ಬಡಿದು ನಿಮ್ಮ ಕೈಗೆ ಮರಳಿ ಬರುತ್ತದೆ. ಕೇಬಲ್ಲಿನಲ್ಲಿಯೂ ಹಾಗೆಯೇ. ಪಲ್ಸ್ ಸಾಗುವ ದಾರಿಯಲ್ಲಿ ಇಂಪೀಡೆನ್ಸ್ ಎಲ್ಲಿ ಬದಲಾಗುತ್ತದೆಯೋ ಅಲ್ಲಿ ಅದರ ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ. 50ರಿಂದ 75ಕ್ಕೆ ಹೋದರೆ ಐದನೆಯ ಒಂದು ಪಾಲು ಮರಳುತ್ತದೆ. ತುದಿ ತೆರೆದಿದ್ದರೆ ಪೂರ್ತಿ ಮರಳುತ್ತದೆ. ತುದಿ ಶಾರ್ಟ್ ಆಗಿದ್ದರೆ ತಲೆಕೆಳಗಾಗಿ ಪೂರ್ತಿ ಮರಳುತ್ತದೆ. ಆಸಿಲೋಸ್ಕೋಪಿನ ಇನ್‌ಪುಟ್ ಸಾಮಾನ್ಯವಾಗಿ 10 ಲಕ್ಷ ಓಮ್, ಅಂದರೆ ಕೇಬಲ್ಲಿನ ಮಟ್ಟಿಗೆ ಅದು ತೆರೆದ ತುದಿಯೇ.

ಮರಳಿದರೆ ನಷ್ಟವೇನು ಎನ್ನಬಹುದು. ಮರಳಿದ ಅಲೆ ಇನ್ನೊಂದು ತುದಿಯಲ್ಲೂ ಬಡಿದು ಮತ್ತೆ ಬರುತ್ತದೆ. ಎಣಿಸುವ ಯಂತ್ರಕ್ಕೆ ಅದು ಎರಡನೆಯ ಪಲ್ಸಿನಂತೆ ಕಾಣಬಹುದು. ಬಂದದ್ದು ಒಂದು ಕಣ, ಎಣಿಸಿದ್ದು ಎರಡು. ಅಂಕಿ ನೋಡಲು ಚೆನ್ನಾಗಿಯೇ ಇರುತ್ತದೆ, ನಿಜ ಮಾತ್ರ ಅಲ್ಲಿರುವುದಿಲ್ಲ.

ಪರಿಹಾರ ಸುಲಭ. ಕೇಬಲ್ಲಿನ ತುದಿಯಲ್ಲಿ ಅದರ ಇಂಪೀಡೆನ್ಸಿಗೆ ಸಮನಾದ ರೆಸಿಸ್ಟರ್ ಇಟ್ಟರೆ ಅಲೆ ಅಲ್ಲಿಯೇ ಇಂಗಿ ಹೋಗುತ್ತದೆ. ಇದಕ್ಕೆ ಟರ್ಮಿನೇಟರ್ ಎನ್ನುತ್ತಾರೆ. ಕೊಳ್ಳಲು ಹಣವಿಲ್ಲದಿದ್ದರೆ 100 ಓಮಿನ ಎರಡು ಚಿಕ್ಕ ರೆಸಿಸ್ಟರುಗಳನ್ನು ಸಮಾಂತರವಾಗಿ ಒಂದು ಬಿಎನ್‌ಸಿ ಪ್ಲಗ್ಗಿನೊಳಗೆ ಬೆಸುಗೆ ಹಾಕಿ, 50 ಓಮಿನ ಟರ್ಮಿನೇಟರ್ ಸಿದ್ಧ. ಆದರೆ ಎಲ್ಲ ಕಡೆಯೂ ಅದನ್ನು ಹಾಕಬೇಕೆಂದಿಲ್ಲ. ಪಲ್ಸ್ ನಿಧಾನವಾಗಿ ಏರುವಂಥದ್ದಾಗಿ, ಕೇಬಲ್ ಒಂದೆರಡು ಮೀಟರ್ ಮಾತ್ರ ಇದ್ದರೆ ಪ್ರತಿಫಲನ ಪಲ್ಸಿನೊಳಗೇ ಕರಗಿಹೋಗುತ್ತದೆ. ಅಲೆ ಹೋಗಿ ಬರುವ ಸಮಯಕ್ಕಿಂತ ಪಲ್ಸ್ ಬೇಗ ಏರುವಂತಿದ್ದರೆ ಟರ್ಮಿನೇಟರ್ ಬೇಕೇ ಬೇಕು. ಹೈ ವೋಲ್ಟೇಜಿನ ಕೇಬಲ್ಲಿಗೆ ಮಾತ್ರ ಎಂದೆಂದಿಗೂ ಅದನ್ನು ಹಾಕಬಾರದು.

ಇದನ್ನು ಕಣ್ಣಾರೆ ಕಾಣಲು ದುಬಾರಿ ಉಪಕರಣ ಬೇಡ. ಒಂದು ಫಂಕ್ಷನ್ ಜನರೇಟರ್, ಒಂದು ಆಸಿಲೋಸ್ಕೋಪ್, ಒಂದು ಟಿ ಕನೆಕ್ಟರ್, 25 ಮೀಟರ್ ಆರ್‌ಜಿ-58 ಕೇಬಲ್ ಸಾಕು. ಚೌಕ ಅಲೆಯನ್ನು ಟಿ ಮೂಲಕ ಸ್ಕೋಪಿಗೂ ಕೇಬಲ್ಲಿಗೂ ಕೊಡಿ. ಕೇಬಲ್ಲಿನ ಆಚೆ ತುದಿ ತೆರೆದಿರಲಿ. ಪರದೆಯ ಮೇಲೆ ಅಲೆ ಒಮ್ಮೆಗೇ ಏರದೆ ಎರಡು ಮೆಟ್ಟಿಲಾಗಿ ಏರುತ್ತದೆ. ಮೆಟ್ಟಿಲುಗಳ ನಡುವಿನ ಅಂತರ ಸುಮಾರು 250 ನ್ಯಾನೋಸೆಕೆಂಡ್. 50 ಮೀಟರ್ ಹೋಗಿ ಬರಲು ಅಷ್ಟು ಸಮಯ ಎಂದರೆ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು. ಈಗ ಆಚೆ ತುದಿಗೆ 50 ಓಮ್ ಹಾಕಿ, ಎರಡನೆಯ ಮೆಟ್ಟಿಲು ಮಾಯವಾಗುತ್ತದೆ. ಪದವಿ ಕಾಲೇಜಿನ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಪ್ರಯೋಗ ಇದು.

ಬೇಲಿಯೇ ಹೊಲ ಮೇಯ್ದಾಗ

ಗದ್ದಲವನ್ನು ತಡೆಯಬೇಕಾದ ಜಾಲರಿಯೇ ಕೆಲವೊಮ್ಮೆ ಗದ್ದಲವನ್ನು ಒಳಗೆ ಕರೆತರುತ್ತದೆ. ಎರಡು ಉಪಕರಣಗಳನ್ನು ಕೋಣೆಯ ಎರಡು ಬೇರೆ ಬೇರೆ ಪ್ಲಗ್ ಪಾಯಿಂಟುಗಳಿಗೆ ಹಾಕಿ, ನಡುವೆ ಕೇಬಲ್ಲಿನಿಂದ ಸೇರಿಸಿದಿರಿ ಎನ್ನಿ. ಆಗ ಗೋಡೆಯೊಳಗಿನ ಅರ್ತಿಂಗ್ ತಂತಿ ಮತ್ತು ಕೇಬಲ್ಲಿನ ಜಾಲರಿ ಸೇರಿ ಒಂದು ದೊಡ್ಡ ಉಂಗುರವಾಗುತ್ತದೆ. ಆ ಉಂಗುರದಲ್ಲಿ 50 ಹರ್ಟ್ಸಿನ ಕರೆಂಟ್ ಸುತ್ತತೊಡಗಿ ಸಂಕೇತದ ಮೇಲೆ ಸವಾರಿ ಮಾಡುತ್ತದೆ. ಆದುದರಿಂದ ಒಂದು ಪ್ರಯೋಗದ ಎಲ್ಲ ಉಪಕರಣಗಳೂ ಒಂದೇ ಪ್ಲಗ್ ಬೋರ್ಡಿನಿಂದ ವಿದ್ಯುತ್ ಪಡೆಯಲಿ. ಕೇಬಲ್ಲುಗಳನ್ನು ಟ್ರಾನ್ಸ್‌ಫಾರ್ಮರ್, ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟಿನ ಚೋಕ್ ಇವುಗಳಿಂದ ದೂರವಿಡಿ.

ಗದ್ದಲ ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸುವವರಿದ್ದಾರೆ. ದಯವಿಟ್ಟು ಈ ಕೆಲಸ ಮಾಡಬೇಡಿ. ಆ ಪಿನ್ ಇರುವುದು ಅಂಕಿಗಾಗಿ ಅಲ್ಲ, ನಿಮ್ಮ ಪ್ರಾಣಕ್ಕಾಗಿ.

ಎಣಿಕೆಯನ್ನು ನಂಬುವ ಮೊದಲು ಮೂರು ಪರೀಕ್ಷೆ ಮಾಡಿ. ಆಕರವನ್ನು ದೂರವಿಟ್ಟು ಹಿನ್ನೆಲೆ ಎಣಿಕೆಯನ್ನು ನೋಡಿ. ಕೇಬಲ್ಲನ್ನು ಕನೆಕ್ಟರಿನ ಬುಡದಲ್ಲಿ ಮೆಲ್ಲನೆ ಅಲುಗಿಸಿ ಎಣಿಕೆ ಜಿಗಿಯುತ್ತದೆಯೇ ನೋಡಿ. ಹೈ ವೋಲ್ಟೇಜನ್ನು ಸೊನ್ನೆಗಿಳಿಸಿಯೂ ಎಣಿಕೆ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ನೀವು ಎಣಿಸುತ್ತಿರುವುದು ವಿಕಿರಣವನ್ನಲ್ಲ, ಗದ್ದಲವನ್ನು.

ಸಡಿಲ ಕೇಬಲ್ ಮತ್ತು ಬೆಳಕಿನ ವೇಗ

ಇಷ್ಟೆಲ್ಲ ಎಚ್ಚರಿಕೆ ಚಿಕ್ಕ ಕಾಲೇಜಿನವರಿಗೆ, ದೊಡ್ಡ ಪ್ರಯೋಗಾಲಯಗಳಲ್ಲಿ ಹೀಗೆಲ್ಲ ಆಗುವುದಿಲ್ಲ ಎಂದು ನೀವು ತಿಳಿಯಬಾರದು. ಆದ್ದರಿಂದ ಜಗತ್ತೇ ನೋಡಿದ ಒಂದು ಘಟನೆಯನ್ನು ಹೇಳುತ್ತೇನೆ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ನ್ಯೂಟ್ರಿನೋ ಎಂಬ ಕಣಗಳನ್ನು ನೆಲದೊಳಗಿನಿಂದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ ಕಳಿಸಲಾಗುತ್ತಿತ್ತು. ದೂರ ಸುಮಾರು 730 ಕಿಲೋಮೀಟರ್. ಅಲ್ಲಿ ಅವುಗಳನ್ನು ಗುರುತಿಸುತ್ತಿದ್ದ ಶೋಧಕದ ಹೆಸರು ಒಪೆರಾ. 2011ರ ಸೆಪ್ಟೆಂಬರಿನಲ್ಲಿ ಆ ತಂಡ ಒಂದು ಆಶ್ಚರ್ಯದ ಸುದ್ದಿ ಪ್ರಕಟಿಸಿತು. ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ಬಂದು ತಲುಪುತ್ತಿವೆ ಎಂದು. ನಿಜವಾಗಿದ್ದರೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಬುಡವೇ ಅಲುಗಾಡಬೇಕಿತ್ತು. ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲೆಲ್ಲ ಅದೇ ಸುದ್ದಿ.

2012ರ ಫೆಬ್ರವರಿಯಲ್ಲಿ ಕಾರಣ ಹೊರಬಂತು. ನೆಲದ ಮೇಲಿನ ಜಿಪಿಎಸ್ ಗ್ರಾಹಕದಿಂದ ಸಮಯದ ಸಂಕೇತ 8 ಕಿಲೋಮೀಟರಿಗೂ ಉದ್ದದ ಆಪ್ಟಿಕಲ್ ಫೈಬರ್ ಕೇಬಲ್ಲಿನ ಮೂಲಕ ಬೆಟ್ಟದ ಒಳಗಿನ ಶೋಧಕದ ಗಡಿಯಾರಕ್ಕೆ ಬರುತ್ತಿತ್ತು. ಆ ಕೇಬಲ್ಲಿನ ತುದಿಯ ಕನೆಕ್ಟರ್ ಪೂರ್ತಿ ಬಿಗಿಯಾಗಿ ಕೂತಿರಲಿಲ್ಲ. ಬೆಳಕು ಬರುತ್ತಿತ್ತು, ಆದರೆ ಕಡಿಮೆ ಬರುತ್ತಿತ್ತು. ಹೀಗಾಗಿ ಗ್ರಾಹಕದ ಸಂಕೇತ ಗೊತ್ತಾದ ಮಟ್ಟವನ್ನು ಮುಟ್ಟಲು ಸುಮಾರು 73 ನ್ಯಾನೋಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಗಡಿಯಾರ ಹಿಂದೆ ಬಿದ್ದಿತು, ಕಣಗಳು ಮುಂದೆ ಬಂದಂತೆ ಕಂಡವು. ಗಡಿಯಾರದಲ್ಲಿಯೇ ಇದ್ದ ಇನ್ನೊಂದು ಚಿಕ್ಕ ದೋಷ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡಿ ವ್ಯತ್ಯಾಸವನ್ನು ಸ್ವಲ್ಪ ತಗ್ಗಿಸಿತ್ತು. ಅದೇ ಬೆಟ್ಟದೊಳಗಿನ ಇಕಾರಸ್ ಎಂಬ ಇನ್ನೊಂದು ಶೋಧಕವೂ ಅಳೆದು ನೋಡಿ, ನ್ಯೂಟ್ರಿನೋ ಬೆಳಕನ್ನು ಮೀರುವುದಿಲ್ಲ ಎಂದು 2012ರ ಮಾರ್ಚಿನಲ್ಲಿ ಹೇಳಿತು. ಜೂನ್ ಹೊತ್ತಿಗೆ ಒಪೆರಾ ತಂಡವೂ ತನ್ನ ಅಂಕಿಗಳನ್ನು ತಿದ್ದಿ ಪ್ರಕಟಿಸಿತು. ಅಷ್ಟರಲ್ಲಿ ತಂಡದ ಇಬ್ಬರು ಮುಂದಾಳುಗಳು ತಮ್ಮ ಹೊಣೆಯಿಂದ ಕೆಳಗಿಳಿದಿದ್ದರು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಕೇಬಲ್ ಪೂರ್ತಿ ಕಳಚಿಕೊಂಡಿದ್ದರೆ ಅದೇ ದಿನ ಗೊತ್ತಾಗುತ್ತಿತ್ತು. ಅರ್ಧ ಕೂತ ಕೇಬಲ್ ಕೆಲಸ ಮಾಡುತ್ತಲೇ ಸುಳ್ಳು ಹೇಳುತ್ತದೆ. ಅದು 2008ರಿಂದ 2011ರ ಕೊನೆಯವರೆಗೆ ಹಾಗೆಯೇ ಇತ್ತು ಎಂದು ಆಮೇಲೆ ವಿಶ್ವಕಿರಣಗಳ ಅಂಕಿಗಳನ್ನು ತಾಳೆ ನೋಡಿ ಕಂಡುಕೊಂಡರು. ಎರಡನೆಯದು, ಆ ತಂಡ ತನಗೆ ಒಪ್ಪಿಗೆಯಾಗದ ಅಂಕಿಯನ್ನು ಬಚ್ಚಿಡಲಿಲ್ಲ, ಪಠ್ಯಪುಸ್ತಕಕ್ಕೆ ಹೊಂದುವಂತೆ ತಿದ್ದಲೂ ಇಲ್ಲ. ಬಂದದ್ದನ್ನು ಬಂದ ಹಾಗೆ ಜಗತ್ತಿನ ಮುಂದಿಟ್ಟು, ಪರೀಕ್ಷಿಸಿ ಎಂದಿತು. ಕಾರಣ ಸಿಕ್ಕಾಗ ಅದನ್ನೂ ಹೇಳಿತು. ಅದೇ ಒಪೆರಾ 2015ರಲ್ಲಿ ಒಂದು ಬಗೆಯ ನ್ಯೂಟ್ರಿನೋ ಇನ್ನೊಂದು ಬಗೆಯಾಗಿ ಮಾರ್ಪಡುವುದನ್ನು ಖಚಿತಪಡಿಸಿತು.

ನಮ್ಮ ನೆಲದಲ್ಲಿಯೇ

ನ್ಯೂಟ್ರಿನೋ ಎಂದಾಗ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಜಾಗ ನಮ್ಮಲ್ಲಿಯೇ ಇದೆ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಜ್ಞಾನಿಗಳ ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಗುರುತಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಗುರುತಿಸಿತು. ಜಗತ್ತಿನಲ್ಲಿ ಮೊದಲ ಬಾರಿಗೆ ಈ ಕೆಲಸ ಮಾಡಿದವರು ಈ ಎರಡು ತಂಡದವರೇ. ಮೈಸೂರು ಸೀಮೆಯವರಾದ ಬಿ.ವಿ. ಶ್ರೀಕಂಠನ್ ಅವರು ಆ ಗಣಿಯಲ್ಲಿ 1950ರ ದಶಕದ ಆರಂಭದಿಂದಲೇ ವಿಶ್ವಕಿರಣಗಳನ್ನು ಅಳೆಯುತ್ತಿದ್ದರು.

ಪ್ಲಾಸ್ಟಿಕ್ ಸಿಂಟಿಲೇಟರುಗಳು, ಅವುಗಳ ಬೆಳಕನ್ನು ಹಿಡಿಯುವ ಫೋಟೋಮಲ್ಟಿಪ್ಲೈಯರುಗಳು, ನಿಯಾನ್ ಕೊಳವೆಗಳು ಅಲ್ಲಿನ ಸಲಕರಣೆ. ತಿಂಗಳುಗಟ್ಟಲೆ ಕಾದರೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಘಟನೆಗಳು. ಎದುರುಬದುರಿನ ಶೋಧಕಗಳು ಒಟ್ಟಿಗೇ ಮಿಡಿದರೆ ಮಾತ್ರ ಅದು ಲೆಕ್ಕಕ್ಕೆ. "ಒಟ್ಟಿಗೇ" ಎಂಬ ಈ ಮಾತು ಇಂಥ ಯಾವುದೇ ಪ್ರಯೋಗದಲ್ಲಿ ನೇರವಾಗಿ ಕೇಬಲ್ಲಿಗೆ ಸಂಬಂಧಿಸಿದ್ದು. ಒಂದು ಮೀಟರ್ ಕೇಬಲ್ ದಾಟಲು ಸಂಕೇತಕ್ಕೆ 5 ನ್ಯಾನೋಸೆಕೆಂಡ್ ಬೇಕು. ಒಂದು ಶೋಧಕದ ಕೇಬಲ್ 2 ಮೀಟರ್, ಇನ್ನೊಂದರದು 12 ಮೀಟರ್ ಇದ್ದರೆ ಒಟ್ಟಿಗೆ ಹೊರಟ ಸಂಕೇತಗಳು 50 ನ್ಯಾನೋಸೆಕೆಂಡ್ ಅಂತರದಲ್ಲಿ ತಲುಪುತ್ತವೆ. ಆದ್ದರಿಂದ ಪ್ರಯೋಗಾಲಯದಲ್ಲಿ ಮೇಜಿನ ಕೆಳಗೆ ಸುರುಳಿ ಸುತ್ತಿಟ್ಟ ಕೇಬಲ್ ಕಂಡರೆ "ಹೆಚ್ಚಾಗಿದೆ" ಎಂದು ಕತ್ತರಿಸಿಬಿಡಬೇಡಿ. ಸಮಯವನ್ನು ಸರಿದೂಗಿಸಲೆಂದೇ ಅದನ್ನು ಅಳೆದು ಇಟ್ಟಿರಬಹುದು.

ಕೋಲಾರದ ಆ ಗಣಿ 2001ರಲ್ಲಿ ಮುಚ್ಚಿತು. ಆದರೆ ಬಿಸಿ, ತೇವ, ಧೂಳಿನ ನಡುವೆ ನಿಂತು ಒಂದೊಂದೇ ಸಂಕೇತವನ್ನು ಪರೀಕ್ಷಿಸಿ ನಂಬಿದವರ ಶ್ರದ್ಧೆಯಿಂದ ಆ ಹೆಸರು ವಿಜ್ಞಾನದ ಇತಿಹಾಸದಲ್ಲಿ ಉಳಿದಿದೆ.

ನಾವು ಮಾಡಬಹುದಾದದ್ದು

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ವರ್ಷದಲ್ಲಿ ಒಂದು ದಿನವಾದರೂ ಎಲ್ಲ ಕೇಬಲ್ಲುಗಳನ್ನು ಬಿಚ್ಚಿ ಮೇಜಿನ ಮೇಲಿಡಿ. ವಿದ್ಯಾರ್ಥಿಗಳೇ ಜೋಡಿಸಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಹೈ ವೋಲ್ಟೇಜಿನ ಭಾಗಕ್ಕೆ ನೀವೇ ಬನ್ನಿ, ಉಳಿದದ್ದನ್ನು ಅವರ ಕೈಗೆ ಬಿಡಿ. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ. ಒಂದು ಪುಸ್ತಕವಿಟ್ಟು ಯಾವ ಕೇಬಲ್, ಎಷ್ಟು ಉದ್ದ, ಎಷ್ಟು ಓಮ್, ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂದು ಬರೆಸಿ. ಇದಕ್ಕೆ ಅನುದಾನಕ್ಕಾಗಿ ಕಾಯಬೇಕಾಗಿಲ್ಲ.

ಹಾಗೆಯೇ ನಮ್ಮ ಅಟೆಂಡರುಗಳನ್ನು ಗೌರವದಿಂದ ಕಾಣೋಣ. ಯಾವ ಕೇಬಲ್ ಯಾವಾಗ ಕೈಕೊಡುತ್ತದೆ ಎಂಬುದು ಎಷ್ಟೋ ಸಲ ಅವರಿಗೆ ಮಾತ್ರ ಗೊತ್ತಿರುತ್ತದೆ. ವಿದ್ಯಾರ್ಥಿಗಳು ಅವರ ಬಳಿ ನಿಂತು ಕಲಿಯಬೇಕು. ಕಲಿಯುವುದರಲ್ಲಿ ನಾಚಿಕೆಯೇನಿದೆ?

ವಿದ್ಯಾರ್ಥಿನಿಯರಿಗೆ ಒಂದು ಮಾತು. ಜೊತೆಯ ಹುಡುಗರು ಜೋಡಿಸಲಿ, ನಾವು ಅಂಕಿ ಬರೆದುಕೊಳ್ಳುತ್ತೇವೆ ಎಂದು ಹಿಂದೆ ನಿಲ್ಲಬೇಡಿ. ಅಂಕಿ ಬರೆಯುವವರಿಗಿಂತ ಜೋಡಿಸುವವರು ಹೆಚ್ಚು ಕಲಿಯುತ್ತಾರೆ. ಮುಂದೆ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗಕ್ಕೆ ಹೋಗಿ, ಸಂಶೋಧನೆಗೆ ಹೋಗಿ, ಕಾರ್ಖಾನೆಗೆ ಹೋಗಿ, ಈ ಕೈಗಳ ಧೈರ್ಯ ನಿಮ್ಮೊಂದಿಗೆ ಬರುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಪ್ರಯೋಗಾಲಯಕ್ಕೂ ಸಲ್ಲುತ್ತದೆ.

ಕೊನೆಯದಾಗಿ ಎಲ್ಲ ವಿದ್ಯಾರ್ಥಿಗಳಿಗೆ. ನಿಮ್ಮ ಅಂಕಿ ಪುಸ್ತಕದ ಅಂಕಿಗೆ ಹೊಂದದಿದ್ದರೆ ಅದನ್ನು ಅಳಿಸಬೇಡಿ. ಹಾಗೆಯೇ ಬರೆಯಿರಿ. ಆಮೇಲೆ ಎದ್ದು ಹೋಗಿ ಕೇಬಲ್ಲನ್ನು ನೋಡಿ. ಬಿಗಿಯಾಗಿದೆಯೇ, ಸರಿಯಾದದ್ದೇ, ತುದಿ ಮುಗಿದಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ದೋಷ ಸಿಕ್ಕರೆ ಅದನ್ನೂ ರೆಕಾರ್ಡಿನಲ್ಲಿ ಬರೆಯಿರಿ. ಪರೀಕ್ಷಕರಾದ ನಮಗೂ ಒಂದು ಕರ್ತವ್ಯವಿದೆ. ಹಾಗೆ ಬರೆದ ವಿದ್ಯಾರ್ಥಿಗೆ ಅಂಕ ಕಡಿಮೆ ಮಾಡದೆ, ಹೊಂದಿಸಿ ಬರೆದ ಅಚ್ಚುಕಟ್ಟು ಉತ್ತರಕ್ಕಿಂತ ಹೆಚ್ಚು ಅಂಕ ಕೊಡಬೇಕು. ಸುಳ್ಳು ಅಂಕಿಯನ್ನು ಬರೆದು ಪಾಸಾದವನು ನಾಳೆ ಔಷಧಿಯ ಪ್ರಮಾಣವನ್ನೋ, ನೀರಿನಲ್ಲಿರುವ ವಿಷವನ್ನೋ ಅಳೆಯುವ ಕುರ್ಚಿಯಲ್ಲಿ ಕೂರುತ್ತಾನೆ ಎಂಬುದನ್ನು ನಾವು ಮರೆಯಬಾರದು.

ಊಟದ ನಂತರ ಪಕ್ಕದ ಕೋಣೆಯಲ್ಲಿ 25 ಮೀಟರ್ ಕೇಬಲ್ ಮತ್ತು ಒಂದು ಆಸಿಲೋಸ್ಕೋಪ್ ಕಾದಿರುತ್ತವೆ. ಯಾವುದನ್ನೂ ಜೋಡಿಸಿಟ್ಟಿಲ್ಲ. ಜೋಡಿಸುವ ಕೆಲಸ ನಿಮ್ಮದು.